30ರಿಂದ 5ಕ್ಕೆ, 5ರಿಂದ 15ಕ್ಕೆ: ಮಳವಳ್ಳಿ ಕಡೆಯ ಒಂದೆಕರೆ ಸೊಪ್ಪಿನ ತೋಟದ ಲೆಕ್ಕ

2011ರ ಫೆಬ್ರವರಿ 28ಕ್ಕೆ ಪ್ರಣಬ್ ಮುಖರ್ಜಿ ಬಜೆಟ್ ಓದಿದಾಗ, ಹೊರದೇಶದಿಂದ ಬರೋ ಕಚ್ಚಾ ರೇಷ್ಮೆ ಮೇಲೆ 30 ಪರ್ಸೆಂಟ್ ಇದ್ದ ಆಮದು ಸುಂಕ ಒಂದೇ ಏಟಿಗೆ 5 ಪರ್ಸೆಂಟ್ ಆಯ್ತು. ಟೀವೀಲಿ ಅವತ್ತೆಲ್ಲಾ ಇನ್ಕಮ್ ಟ್ಯಾಕ್ಸ್ ಮಾತೇ, ರೇಷ್ಮೆ ಸಾಲು ಯಾರ ಕಣ್ಣಿಗೂ ಬೀಳಲಿಲ್ಲ. ಆದ್ರೆ ರಾಮನಗರದ ರೇಷ್ಮೆ ಗೂಡಿನ ಮಾರ್ಕೆಟ್ಟಲ್ಲಿ ಅದರ ಬಿಸಿ ತಟ್ಟೋಕೆ ಜಾಸ್ತಿ ದಿನ ಬೇಕಾಗ್ಲಿಲ್ಲ, ಆ ವರ್ಷ ಗೂಡಿನ ರೇಟ್ ಇಳೀತಾ ಇಳೀತಾ ಹೋಗಿ ರೈತರು ರಸ್ತೆಗಿಳಿಯೋ ಹಂಗಾಯ್ತು.

ಈ ಸುಂಕದ ವಿಷಯ ಬಂದಾಗೆಲ್ಲ ಎರಡು ಪಾರ್ಟಿ ಆಗ್ಬಿಡುತ್ತೆ. ಸುಂಕ ಏರಿಸಿದ್ರೆ ನಮ್ಮ ರೈತ ಉಳೀತಾನೆ, ಕೆಲಸ ಉಳಿಯುತ್ತೆ ಅನ್ನೋರು ಒಂದು ಕಡೆ, ಏರಿಸಿದ್ರೆ ಎಲ್ಲಾ ತುಟ್ಟಿ ಆಗುತ್ತೆ ಜನಸಾಮಾನ್ಯ ಸಾಯ್ತಾನೆ ಅನ್ನೋರು ಇನ್ನೊಂದು ಕಡೆ. ನಾನು ಮೈಸೂರಲ್ಲಿ ಲೆಕ್ಕಪತ್ರದ ಕೆಲಸ ಮಾಡೋನು, ಎಕನಾಮಿಕ್ಸ್ ಓದಿದೋನಲ್ಲ, ಆದ್ರೆ ನಮ್ಮ ಚಿಕ್ಕಪ್ಪನ ಒಂದೆಕರೆ ಸೊಪ್ಪಿನ ತೋಟ, ಅಂದ್ರೆ ರೇಷ್ಮೆ ಹುಳಕ್ಕೆ ಹಾಕೋ ಹಿಪ್ಪುನೇರಳೆ ತೋಟ, ಈ ಸುಂಕದ ಏರಿಳಿತದಲ್ಲಿ ಏನಾಯ್ತು ಅನ್ನೋದನ್ನ ಹತ್ತಿರದಿಂದ ನೋಡಿದೀನಿ. ನಂಗೆ ಕಂಡಿದ್ದು ಇಷ್ಟು: ಸುಂಕ ಎಷ್ಟು ಅನ್ನೋದಕ್ಕಿಂತ ಅದು ಹಿಂದೆ ಮುಂದೆ ಓಲಾಡಿದ್ದೇ ಜಾಸ್ತಿ ಹಾಳು ಮಾಡ್ತು, ಆ ಹಾಳು ಬಿದ್ದಿದ್ದು ಕಾಯೋಕೆ ಶಕ್ತಿ ಇಲ್ಲದೋರ ಮೇಲೆ.

ಮೊದಲು ಮನೆ ವಿಷಯ. ಮಳವಳ್ಳಿ ತಾಲ್ಲೂಕಲ್ಲಿ ಚಿಕ್ಕಪ್ಪಂಗೆ ಮೂರೆಕರೆ ಜಮೀನು, ಅದ್ರಲ್ಲಿ ಒಂದೆಕರೆ ರೇಷ್ಮೆ ಸೊಪ್ಪು. ವಿ-1 ತಳಿ, ಮೈಸೂರಿನ ಮಾನಂದವಾಡಿ ರಸ್ತೇಲಿರೋ ರೇಷ್ಮೆ ಸಂಶೋಧನಾ ಸಂಸ್ಥೇಲೇ ಹುಟ್ಟಿದ್ದು ಅದು. ವರ್ಷಕ್ಕೆ ಐದು ಬೆಳೆ, ಬೆಳೆಗೆ 200 ಮೊಟ್ಟೆ. ಮೊಟ್ಟೆ ಅಂದ್ರೆ ಒಂದೊಂದು ಮೊಟ್ಟೆ ಅಲ್ಲ ಮತ್ತೆ, ಒಂದು ಚಿಟ್ಟೆ ಇಟ್ಟ ಅಷ್ಟೂ ಸೇರಿ ಒಂದು ಮೊಟ್ಟೆ ಲೆಕ್ಕ, 100 ಮೊಟ್ಟೆಗೆ ಸಿ.ಬಿ. (ಕ್ರಾಸ್ ಬ್ರೀಡ್, ಮಿಶ್ರತಳಿ) ಆದ್ರೆ ಸುಮಾರು 60 ಕೆಜಿ ಗೂಡು ಬಂದ್ರೆ ಪರವಾಗಿಲ್ಲ ಅಂತ. ಹಾಲುತೊಂಡೆ, ಸುಣ್ಣಕಟ್ಟು ರೋಗ ಬಂದ್ರೆ, ಊಜಿ ನೊಣ ಕೂತ್ರೆ ಅದೂ ಇಲ್ಲ. ಹುಳ ನಾಕು ಸಲ ಜ್ವರಕ್ಕೆ (ಪೊರೆ ಬಿಡೋಕೆ) ಕೂತು ಎದ್ದು, ನಾಕನೇ ಜ್ವರ ಎದ್ದ ಮೇಲೆ ಒಂದು ವಾರ ತಿನ್ನುತ್ತೆ ನೋಡಿ, ಇಡೀ ಬೆಳೆಗೆ ಬೇಕಾಗೋ ಸೊಪ್ಪಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಆ ಒಂದು ವಾರದಲ್ಲೇ ಹೋಗೋದು. ಹುಳದ ಮನೆ ಒಳಗೆ ಹೋದ್ರೆ ಮಳೆ ಹುಯ್ದಂಗೆ ಸದ್ದು. ಆಗ ಮನೆಯವರು ಸಾಲಲ್ಲ, ಸೊಪ್ಪು ಕುಯ್ಯೋಕೆ, ಹಣ್ಣಾದ ಹುಳ ಆಯ್ದು ಗೂಡು ಕಟ್ಟೋ ತಟ್ಟೆಗೆ, ಅಂದ್ರೆ ಚಂದ್ರಿಕೆಗೆ ಬಿಡೋಕೆ ಊರಿನ ಹೆಂಗಸರನ್ನ ಕೂಲಿಗೆ ಕರೀಬೇಕು. ಚಿಕ್ಕಪ್ಪನ ಮನೆಗೆ ಖಾಯಂ ಬರ್ತಿದ್ದೋರು ಮೂವರು ಅಕ್ಕಂದಿರು, ಇವರ ಮಾತು ಮುಂದೆ ಬರುತ್ತೆ.

ಈಗ ಸುಂಕ ಗೂಡಿನ ರೇಟಿಗೆ ಹೆಂಗೆ ತಾಕುತ್ತೆ ಅನ್ನೋದು. ಚೈನಾದಿಂದ ಬರೋದು ಗೂಡಲ್ಲ, ನೂಲು. ಲೆಕ್ಕ ಸುಲಭ ಆಗ್ಲಿ ಅಂತ ಸುಂಕಕ್ಕೆ ಮೊದಲು ಚೈನಾ ನೂಲು ಕೆಜಿಗೆ 2,000 ರೂಪಾಯಿ ಅಂತ ಇಟ್ಕೊಳ್ಳಿ. 30 ಪರ್ಸೆಂಟ್ ಇದ್ದಾಗ ಅದು 2,600ಕ್ಕೆ ಬಂದು ನಿಲ್ಲುತ್ತೆ, 5 ಪರ್ಸೆಂಟ್ ಆದಾಗ 2,100ಕ್ಕೆ. ಕೆಜಿಗೆ 500 ರೂಪಾಯಿ ವ್ಯತ್ಯಾಸ. ನಮ್ಮ ರೀಲರ್, ಅಂದ್ರೆ ಗೂಡಿಂದ ನೂಲು ಬಿಚ್ಚೋನು, ತೆಗೆದ ನೂಲೂ ಆ ರೇಟಿಗೆ ಹತ್ತಿರ ಹತ್ತಿರ ಇಳೀಲೇಬೇಕು, ಇಲ್ಲಾಂದ್ರೆ ವ್ಯಾಪಾರಿ ಚೈನಾದ್ದೇ ತಗೋತಾನೆ. ರೀಲರ್‌ಗೆ ಒಂದು ಕೆಜಿ ನೂಲು ತೆಗೆಯೋಕೆ ಸಿ.ಬಿ. ಗೂಡು ಹೆಚ್ಚುಕಮ್ಮಿ 7 ಕೆಜಿ ಬೇಕು. ಸೌದೆ, ಕರೆಂಟು, ಎಳೆ ಬಿಚ್ಚೋ ಬಿಸಿನೀರಿನ ಬೇಸಿನ್ ಮುಂದೆ ಕೂರೋರ ಕೂಲಿ, ಇದ್ಯಾವ್ದೂ ಬಜೆಟ್ ಕೇಳ್ಕೊಂಡು ಇಳಿಯಲ್ಲ. ಇಳಿಸೋಕೆ ಅವನ ಕೈಲಿರೋದು ಗೂಡಿನ ರೇಟ್ ಒಂದೇ. 500ನ 7ರಲ್ಲಿ ಭಾಗಿಸಿ, ಗೂಡು ಕೆಜಿಗೆ 70 ರೂಪಾಯಿ ಬಿತ್ತು. 200 ಮೊಟ್ಟೆಗೆ 120 ಕೆಜಿ ಅಂದ್ರೆ ಬೆಳೆಗೆ 8,400, ಐದು ಬೆಳೆಗೆ 42,000. ಒಂದೆಕರೆಯೋನಿಗೆ ಆ ಕಾಲದಲ್ಲಿ 42,000 ಅಂದ್ರೆ ಮಗಳ ಕಾಲೇಜು ಫೀಸು, ಸೊಸೈಟಿ ಸಾಲದ ಕಂತು ಎರಡೂ ಸೇರಿದ್ದು.

ಇಲ್ಲಿ ಒಂದು ವಿಷಯ ಗಮನಿಸ್ಬೇಕು, ಎಷ್ಟೋ ಜನ ಇದನ್ನ ಬಿಟ್ಟೇ ಮಾತಾಡ್ತಾರೆ. ಸುಂಕ ಸರ್ಕಾರಕ್ಕೆ ಸೇರೋದು ಹಡಗಲ್ಲಿ ಬಂದ ಮಾಲಿನ ಮೇಲೆ ಮಾತ್ರ, ಆದ್ರೆ ಅದರಿಂದ ರೇಟ್ ಏರೋದು ಇಳಿಯೋದು ದೇಶದಲ್ಲಿರೋ ಅಷ್ಟೂ ರೇಷ್ಮೆ ಮೇಲೆ. ಚೈನಾ ಹೆಸರೇ ಕೇಳದ ಗೂಡಿಗೂ ಅದು ತಾಕುತ್ತೆ. ಚಿಕ್ಕಪ್ಪಂಗೆ ಇದು ಅರ್ಥ ಆಗೋಕೆ ಟೈಮ್ ತಗೊಳ್ತು. "ಡೆಲ್ಲೀಲಿ ಕೂತ್ಕಂಡು ಎನೋ ಬರುದ್ರೆ ನಮ್ಮಟ್ಟಿ ಹುಳುಕ್ಕೆ ಯಾಕ್ಲಾ ರೇಟ್ ಬೀಳ್ತದೆ? ನಾನೇನ್ ಚೈನಾಕ್ ಮಾರ್ತಿದ್ದೀನಾ?" ಅಂತ ಕೇಳಿದ್ದ.

ನ್ಯಾಯವಾಗಿ ಹೇಳ್ಬೇಕು ಅಂದ್ರೆ 2011ರ ಕುಸಿತಕ್ಕೆ ಸುಂಕ ಒಂದೇ ಕಾರಣ ಅಲ್ಲ. ಅದಕ್ಕೆ ಮುಂಚೆ ರೇಷ್ಮೆ ರೇಟ್ ಪ್ರಪಂಚದಲ್ಲೇ ಏರಿತ್ತು, ಸರ್ಕಾರ ಸುಂಕ ಇಳಿಸಿದ್ದೇ ನೇಯೋರು ನೂಲು ತುಟ್ಟಿ ಆಯ್ತು ಅಂತ ಬಾಯಿ ಬಡ್ಕೊಂಡಿದ್ದಕ್ಕೆ. ಏರಿದ್ದು ಒಂದಿನ ಇಳಿಯೋದೇ. ಆದ್ರೆ ಇಳಿಯೋ ಹೊತ್ತಿಗೆ ಕೆಳಗೆ ಹಾಸಿದ್ದ ಚಾಪೆನೂ ಎಳೆದುಬಿಟ್ರು.

ರೇಟ್ ಬಿದ್ದಾಗ ಏನ್ ಮಾಡ್ಬೋದು? ಭತ್ತ ಆದ್ರೆ ಮೂಟೆ ಕಟ್ಟಿ ಅಟ್ಟಕ್ಕೆ ಹಾಕ್ಬೋದು, ಬೆಲ್ಲ ಆದ್ರೂ ಸ್ವಲ್ಪ ದಿನ ಇಡ್ಬೋದು. ಗೂಡು ಇಡೋಕಾಗಲ್ಲ. ಚಂದ್ರಿಕೆಯಿಂದ ಬಿಡಿಸಿದ ಮೇಲೆ ಕೈಲಿರೋದು ಕೆಲವೇ ದಿನ, ಆಮೇಲೆ ಒಳಗಿರೋ ಹುಳ ಚಿಟ್ಟೆಯಾಗಿ ಗೂಡು ತೂತು ಮಾಡ್ಕೊಂಡು ಬಂದ್ಬಿಡುತ್ತೆ, ತೂತು ಬಿದ್ದ ಗೂಡಿಂದ ಎಳೆ ಬಿಚ್ಚೋಕಾಗಲ್ಲ. ಹಂಗಾಗಿ ರಾಮನಗರಕ್ಕೆ ತಗೊಂಡೋದ ಗೂಡು ಅವತ್ತಿನ ಹರಾಜಲ್ಲಿ ಎಷ್ಟಕ್ಕೆ ನಿಂತ್ರೆ ಅಷ್ಟಕ್ಕೆ ಕೊಟ್ಟು ಬರ್ಬೇಕು. ವಾಪಸ್ ತರೋಕೆ ಆಟೋ ಬಾಡಿಗೆ ಬೇರೆ ದಂಡ. ಒಂದ್ಸಲ ನಾನೂ ಜೊತೆಗೆ ಹೋಗಿದ್ದೆ. ಹಳದಿ ಗೂಡಿನ ರಾಶಿ ಮುಂದೆ ಚಿಕ್ಕಪ್ಪ ನಿಂತಿದ್ದ, ರೀಲರ್ ಬಂದು ಒಂದು ಗೂಡು ಎತ್ತಿ ಕಿವಿ ಹತ್ರ ಅಲ್ಲಾಡಿಸಿ, ಬೆರಳಲ್ಲಿ ಒತ್ತಿ ನೋಡಿ, ರಾಶಿ ಒಳಕ್ಕೆ ಕೈ ತೂರಿಸಿ ತಳದ್ದು ತೆಗೆದು ನೋಡಿ ಒಂದು ರೇಟ್ ಕೂಗಿದ. ಚಿಕ್ಕಪ್ಪ ತಲೆ ಅಲ್ಲಾಡಿಸಿದ. ಎರಡನೇ ಸುತ್ತಲ್ಲಿ ಅದಕ್ಕಿಂತ ಎರಡು ರೂಪಾಯಿ ಕಮ್ಮಿ ಕೂಗಿದ್ರು. ಕೊಟ್ಟ.

ರೀಲರ್ ಮೇಲೆ ರೈತರಿಗೆ ಸಿಟ್ಟು ಬರೋದು ಸಹಜ, ಆದ್ರೆ ಅವನೂ ದೊಡ್ಡ ಕುಳ ಏನಲ್ಲ. ಮನೆ ಹಿಂದೆ ನಾಕು ಬೇಸಿನ್ ಇಟ್ಕೊಂಡು, ಬೆಳಿಗ್ಗೆ ತಂದ ಗೂಡಿಂದ ತೆಗೆದ ನೂಲನ್ನ ಮಾರಿದ್ರೇನೇ ಮುಂದಿನ ಹರಾಜಿಗೆ ದುಡ್ಡು. ನೂಲು ಸ್ಟಾಕ್ ಮಾಡಿ ಇನ್ನೆರಡು ತಿಂಗಳು ನೋಡೋಣ ಅನ್ನೋ ತಾಕತ್ತು ಅವನಿಗೂ ಇಲ್ಲ. ಆ ತಾಕತ್ತಿರೋದು ಆಮದು ಮಾಡೋನಿಗೆ ಮತ್ತು ನೂಲಿನ ದೊಡ್ಡ ವ್ಯಾಪಾರಿಗೆ. ಸುಂಕ ಇಳಿದಾಗ ಅವರ ಗೋಡೌನಲ್ಲಿ ಹಳೇ ಮಾಲಿದ್ರೆ ಸ್ವಲ್ಪ ಕೈ ಕಚ್ಚಿರ್ಬೋದು, ಏರಿದಾಗ ಅದೇ ಹಳೇ ಮಾಲಲ್ಲಿ ಲಾಭ ಬಂದಿರುತ್ತೆ.

ಹಂಗಾದ್ರೆ ಸೀರೆ ಸೋವಿ ಆಯ್ತಾ? ಆಗ್ಲಿಲ್ಲ ಕಣ್ರೀ. ಒಂದು ರೇಷ್ಮೆ ಸೀರೆಗೆ ಅರ್ಧ ಕೆಜಿ ಆಸುಪಾಸು ನೂಲು ಅಂತ ಹಿಡಿದ್ರೆ, ನೂಲಲ್ಲಿ ಕೆಜಿಗೆ 500 ಇಳಿದ್ರೆ ಸೀರೆಗೆ 250. ಆರೇಳು ಸಾವಿರದ ಸೀರೇಲಿ 250 ರೂಪಾಯಿ ಅಂದ್ರೆ ಅಂಗಡಿಯೋನು ಮಾತಿನ ಮೇಲೆ ಬಿಡೋ ಡಿಸ್ಕೌಂಟ್ ಅಷ್ಟೇ. ಅದೇ ವರ್ಷ ಚಿನ್ನ ಬೇರೆ ಏರ್ತಾ ಇತ್ತು, ಜರಿ ಅದರ ಹಿಂದೇನೇ ಏರ್ತು. ದೇವರಾಜ ಅರಸು ರಸ್ತೇಲಾಗ್ಲಿ ಅಶೋಕ ರಸ್ತೇಲಾಗ್ಲಿ ಆ ವರ್ಷ ಮದುವೆ ಸೀರೆ ತಗೊಂಡ ಯಾರನ್ನಾದ್ರೂ ಕೇಳಿ, ರೇಷ್ಮೆ ಸುಂಕ ಇಳೀತು ಅದ್ಕೆ ಸೀರೆ ಕಮ್ಮಿಗೆ ಸಿಕ್ತು ಅಂತ ಒಬ್ಬರೂ ಹೇಳಲ್ಲ. ರಾಜ್ಯ ಸರ್ಕಾರದ ರೇಷ್ಮೆ ನಿಗಮ ಕೆ.ಎಸ್.ಐ.ಸಿ.ಯ ಮೈಸೂರು ಸಿಲ್ಕ್ ಕಥೆನೇ ಬೇರೆ, 1912ರಲ್ಲಿ ನಾಲ್ವಡಿಯವರ ಕಾಲದಲ್ಲಿ ಶುರುವಾದ ಕಾರ್ಖಾನೆ ಅದು, ಗೂಡು ಕೊಂಡು ತಿ. ನರಸೀಪುರದ ತಮ್ಮದೇ ಫಿಲೇಚರಲ್ಲಿ ನೂಲು ತೆಗೆದು ಮಾನಂದವಾಡಿ ರಸ್ತೇಲಿ ನೇಯ್ತಾರೆ, ಚಿನ್ನದ ಜರಿ ಹಾಕ್ತಾರೆ. ಅಲ್ಲಿ ಸೀರೆ ಬೇಕು ಅನ್ನೋರು ರೇಟ್ ನೋಡಲ್ಲ, ಸಿಗೋದೇ ಕಷ್ಟ ಅಂತ ಕ್ಯೂ ನಿಲ್ತಾರೆ. ಬೆಲೆ ಏರಿಕೆ ಅಂದ ತಕ್ಷಣ ಕೊನೇ ಗಿರಾಕಿ ಜೇಬಿಗೇ ಬೀಳುತ್ತೆ ಅಂತ ತಿಳ್ಕೊಳ್ಳೋದು ಈ ಕೇಸಲ್ಲಿ ಸರಿಹೋಗಲ್ಲ, ಸೀರೆ ಉಡೋರಿಗೆ ಇಳಿದಾಗಲೂ ಗೊತ್ತಾಗ್ಲಿಲ್ಲ, ಏರಿದಾಗಲೂ ಗೊತ್ತಾಗ್ಲಿಲ್ಲ.

ಗೊತ್ತಾಗಿದ್ದು ನೇಯೋರಿಗೆ. ಆ 250 ರೂಪಾಯಿ ಸೀರೆ ರೇಟಲ್ಲಿ ಕಾಣದೇ ಇರ್ಬೋದು, ನೇಕಾರನ ಮಜೂರೀಲಿ ಎದ್ದು ಕಾಣುತ್ತೆ. ಕೊಳ್ಳೇಗಾಲದಲ್ಲಿ ನಮ್ಮ ಅತ್ತೆ ಮನೆ ಪಕ್ಕದೋರು ಮಗ್ಗ ಇಟ್ಟಿದ್ರು, ಅವರು ಸುಂಕ ಇಳಿದಿದ್ದಕ್ಕೆ ಖುಷಿಪಟ್ಟಿದ್ರು, ಅದನ್ನ ಚಿಕ್ಕಪ್ಪನ ಮುಂದೆ ಹೇಳೋಕೆ ನಂಗೆ ಬಾಯೇ ಬರ್ಲಿಲ್ಲ. ಮಗ್ಗದಲ್ಲಿ ಉದ್ದದ ಎಳೆ ಹಾಸು, ಅಡ್ಡದ ಎಳೆ ಹೊಕ್ಕು. "ಹಾಸಿಗೆ ಚೈನಾ ನೂಲೇ ಬೇಕು ಸಾ, ನಮ್ದು ಹೊಕ್ಕಿಗೆ ಸರಿ. ಹಾಸಿಗೆ ಹಾಕುದ್ರೆ ಕಡಿದಿದ್ದ ಎಳೆಗೆ ಗಂಟಾಕದ್ರಲ್ಲೇ ಹೊತ್ತೋಯ್ತದೆ" ಅಂದಿದ್ರು. ಇದು ಬರೀ ವಿದೇಶಿ ಮಾಲಿನ ಮೋಹ ಅಲ್ಲ. ನಮ್ಮ ಹಳೇ ಪ್ಯೂರ್ ಮೈಸೂರು ತಳಿ ಗೂಡಲ್ಲಿ ಎಳೆ ಸುಮಾರು 400 ಮೀಟರ್ ಬಂದ್ರೆ ಹೆಚ್ಚು, ಬೈವೋಲ್ಟಿನ್ ಅನ್ನೋ ಬಿಳಿ ಗೂಡಿನ ತಳಿ ಚೆನ್ನಾಗಿ ಬಂದ್ರೆ ಸಾವಿರ ಮೀಟರ್ ಹತ್ತಿರ ಹೋಗುತ್ತೆ. ಉದ್ದ ಎಳೆ ಅಂದ್ರೆ ಒಂದೇ ಸಮ, ಕಡಿಯೋದು ಕಮ್ಮಿ, ಪವರ್‌ಲೂಮಿಗೆ ಅದೇ ಬೇಕು. ಬನಾರಸ್ ಕಡೆ ನೇಯೋರಂತೂ ಚೈನಾ ನೂಲನ್ನೇ ನಂಬಿದಾರೆ. ಅಲ್ಲಿಗೆ ರಾಮನಗರ ಸುಂಕ ಏರಿಸಿ ಅನ್ನುತ್ತೆ, ಬನಾರಸ್ ಇಳಿಸಿ ಅನ್ನುತ್ತೆ, ಎರಡೂ ಕಡೆ ಬಡವರೇ, ಎರಡೂ ಕಡೆ ಕೆಲಸದ ಮಾತೇ.

ಆ ಗ್ರೇಡಿನ ನೂಲು ನಾವೇ ತೆಗೆಯೋ ದಾರಿ ಇಲ್ಲ ಅಂತೇನಿಲ್ಲ. ಮೈಸೂರಿನ ಸಂಸ್ಥೇಲೇ ಜಪಾನಿನವರ ಸಹಾಯದಿಂದ 1990ರ ದಶಕದಲ್ಲಿ ನಮ್ಮ ಬಿಸಿಲಿಗೆ ತಡೆಯೋ ಸಿ.ಎಸ್.ಆರ್. ಬೈವೋಲ್ಟಿನ್ ತಳಿಗಳನ್ನ ಮಾಡಿದ್ರು. ಆದ್ರೆ ಬೈವೋಲ್ಟಿನ್ ಸಾಕೋಕೆ ಹುಳದ ಮನೆ ಬೇರೆ ಥರ ಇರ್ಬೇಕು, ಬಿಸಿ ತೇವ ಎಲ್ಲಾ ಕಾಯ್ಬೇಕು, ಕಾಯಿಲೆ ಬೇಗ ಹಿಡಿಯುತ್ತೆ. ರೀಲರ್ ಕಡೆ ಆಟೋಮ್ಯಾಟಿಕ್ ರೀಲಿಂಗ್ ಮಷೀನ್ ಬೇಕು, ಅದೂ ಮೊದಮೊದಲು ಬಂದಿದ್ದು ಚೈನಾದಿಂದ್ಲೇ ಅನ್ನೋದು ತಮಾಷೆ. ಇದಕ್ಕೆಲ್ಲ ದುಡ್ಡು ಹಾಕೋನು ಕೇಳೋದು ಒಂದೇ ಪ್ರಶ್ನೆ, ಮುಂದಿನ ಐದು ವರ್ಷ ರೇಟ್ ನಿಲ್ಲುತ್ತಾ? ಆ ಪ್ರಶ್ನೆಗೆ ನಮ್ಮ ಸುಂಕದ ಚರಿತ್ರೆ ಕೊಟ್ಟ ಉತ್ತರ ನೋಡಿ: 30, ಆಮೇಲೆ 5, 2013ರ ಬಜೆಟ್ಟಲ್ಲಿ ಚಿದಂಬರಂ ಅದನ್ನ 15ಕ್ಕೆ ಏರಿಸಿದ್ರು, ಮಧ್ಯೆ ಮತ್ತೆ 10ಕ್ಕೆ ಇಳೀತು, 2021ರ ಫೆಬ್ರವರೀಲಿ ನಿರ್ಮಲಾ ಸೀತಾರಾಮನ್ ಮತ್ತೆ 15 ಮಾಡಿದ್ರು. ಹತ್ತು ವರ್ಷದಲ್ಲಿ ಇಷ್ಟು. ಸೊಪ್ಪಿನ ತೋಟ ಒಂದ್ಸಲ ಹಾಕಿದ್ರೆ ಹನ್ನೆರಡು ಹದಿನೈದು ವರ್ಷ ಇರೋ ಬೆಳೆ ಸ್ವಾಮಿ.

ಚಿಕ್ಕಪ್ಪ ತೋಟ ಕೀಳಿಸಿದ್ದು ಸುಂಕ 5 ಇದ್ದಾಗ್ಲೇ. ಒಂದು ಬೆಳೆ ಹಾಲುತೊಂಡೆಗೆ ಹೋಯ್ತು, ಅದರ ಮುಂದಿನ ಬೆಳೇಲಿ ಗೂಡು ಚೆನ್ನಾಗಿ ಬಂದ್ರೂ ಕೂಲಿ ಕಳೆದ್ರೆ ಕೈಗೆ ಏನೂ ಉಳೀಲಿಲ್ಲ, ಅಷ್ಟೊತ್ತಿಗೆ ಪಕ್ಕದ ಜಮೀನಿಗೆ ಜೆಸಿಬಿ ಬಂದಿತ್ತು, ನಮ್ದೂ ಒಂದಷ್ಟು ಎತ್ತಾಕ್ಬುಡಪ್ಪ ಅಂದ. ಮಧ್ಯಾಹ್ನದೊಳಗೆ ಒಂದೆಕರೆ ಖಾಲಿ. ಬುಡ ಸಮೇತ ಬಂದ ಕಡ್ಡಿನ ರಾಶಿ ಹಾಕಿ ಒಲೆಗೆ ಸೌದೆ ಮಾಡ್ಕೊಂಡ್ರು. ಚಿಕ್ಕಮ್ಮ ಎರಡು ದಿನ ಮಾತಾಡಲಿಲ್ಲ, ಯಾಕಂದ್ರೆ ಮನೇಲಿ ಅವರ ಕೈಗೆ ನೇರ ಬರ್ತಿದ್ದ ದುಡ್ಡು ಅದೊಂದೇ, ಕಬ್ಬಿನ ದುಡ್ಡು ಬಂದ್ರೆ ಗಂಡಸರ ಅಕೌಂಟಿಗೆ ಹೋಗುತ್ತೆ. ನಾನಂತೂ ಆವಾಗ ಕೀಳ್ಬೇಡ ಅನ್ನಲಿಲ್ಲ, ಅನ್ನೋಕೆ ಕಾರಣನೂ ಇರ್ಲಿಲ್ಲ, ಸರ್ಕಾರ ಎರಡು ವರ್ಷಕ್ಕೆ ಮನಸ್ಸು ಬದಲಾಯಿಸುತ್ತೆ ಅಂತ ಯಾರಿಗೆ ಗೊತ್ತು?

ಆ ಜಾಗಕ್ಕೆ ಕಬ್ಬು ಹಾಕಿದ್ರು. ಅಲ್ಲೂ ಏನೂ ಹಾಲುಜೇನು ಹರೀಲಿಲ್ಲ, ಕಬ್ಬು ಕಡಿಸೋ ಆರ್ಡರಿಗೆ ಕಾಯೋದು, ಕಡಿದ ಮೇಲೆ ದುಡ್ಡಿಗೆ ಕಾಯೋದು. ಒಂದು ವ್ಯತ್ಯಾಸ ಮಾತ್ರ ಇದೆ, ಸಕ್ಕರೆಗೆ ಆಮದು ಸುಂಕ ಆಮೇಲೆ ಏರ್ತಾನೇ ಹೋಯ್ತು, 2018ರ ಫೆಬ್ರವರೀಲಿ 50ರಿಂದ 100 ಪರ್ಸೆಂಟ್ ಮಾಡಿದ್ರು. ಜೊತೆಗೆ ಕಬ್ಬಿಗೆ ಕೇಂದ್ರ ಸರ್ಕಾರನೇ ಎಫ್.ಆರ್.ಪಿ. ಅಂತ ಕನಿಷ್ಠ ದರ ಕಟ್ಟುತ್ತೆ, 2025-26ಕ್ಕೆ 10.25 ಪರ್ಸೆಂಟ್ ಸಕ್ಕರೆ ಇಳುವರಿಗೆ ಕ್ವಿಂಟಾಲಿಗೆ 355 ರೂಪಾಯಿ. ಗೂಡಿಗೆ ಅಂಥದ್ದೊಂದು ತಳ ಇಲ್ಲ, ತೀರಾ ಬಿದ್ದಾಗ ರಾಜ್ಯ ಸರ್ಕಾರ ಪ್ರೋತ್ಸಾಹಧನ ಅಂತ ಒಂದಿಷ್ಟು ಕೊಟ್ಟಿದೆ ಅಷ್ಟೇ. ಒಂದೇ ರೈತ, ಒಂದೇ ಜಮೀನು, ಒಂದು ಬೆಳೆಗೆ ಕೋಟೆ ಇನ್ನೊಂದು ಬೆಳೆಗೆ ಬೇಲಿ, ಆ ಬೇಲೀನೂ ಎರಡು ವರ್ಷಕ್ಕೊಮ್ಮೆ ಜಾಗ ಬದಲಾಯಿಸುತ್ತೆ. ನೀರು ಕಮ್ಮಿ ಕೇಳೋ ರೇಷ್ಮೆ ಬಿಟ್ಟು ನೀರು ಜಾಸ್ತಿ ಕುಡಿಯೋ ಕಬ್ಬಿಗೆ ಜನ ಹೋದ್ರೆ ರೈತನಿಗೆ ಬುದ್ಧಿ ಇಲ್ಲ ಅನ್ನೋ ತಜ್ಞರು ಈ ಎರಡು ನಂಬರ್ ಪಕ್ಕಪಕ್ಕ ಇಟ್ಟು ನೋಡ್ಲಿ.

ಈಗ ಕೆಲಸದ ವಿಷಯ. ಚಿಕ್ಕಪ್ಪನ ಕೆಲಸ ಹೋಗ್ಲಿಲ್ಲ, ರೈತ ಬೆಳೆ ಬದಲಾಯಿಸ್ತಾನೆ, ನಷ್ಟ ಆದ್ರೂ ಜಮೀನು ಅವನ್ದೇ. ಕೆಲಸ ಹೋಗಿದ್ದು ಸೊಪ್ಪು ಕುಯ್ಯೋಕೆ ಬರ್ತಿದ್ದ ಆ ಮೂವರು ಅಕ್ಕಂದಿರದ್ದು. ಇದು ಯಾವ ಲೆಕ್ಕಕ್ಕೂ ಸಿಗಲ್ಲ, ಯಾಕಂದ್ರೆ ಅವರಿಗೆ ಮಸ್ಟರ್ ಇಲ್ಲ, ಪಿ.ಎಫ್. ಇಲ್ಲ, ಕೆಲಸದಿಂದ ತೆಗೆದ್ರು ಅನ್ನೋಕೆ ಒಂದು ಪತ್ರನೂ ಇಲ್ಲ, ಆಮೇಲೆ ಕರೀಲಿಲ್ಲ ಅಷ್ಟೇ. ದೇಶದಲ್ಲಿ ರೇಷ್ಮೆ 90 ಲಕ್ಷಕ್ಕೂ ಜಾಸ್ತಿ ಜನಕ್ಕೆ ಕೆಲಸ ಕೊಡುತ್ತೆ ಅಂತ ಸೆಂಟ್ರಲ್ ಸಿಲ್ಕ್ ಬೋರ್ಡ್ ಹೇಳುತ್ತಲ್ಲ, ಅದ್ರಲ್ಲಿ ದೊಡ್ಡ ಪಾಲು ಇಂಥೋರೇ. ಕಬ್ಬಿಗೆ ಇವರು ಬೇಕಾಗಲ್ಲ, ಕಡಿಯೋ ಹೊತ್ತಿಗೆ ಬಳ್ಳಾರಿ ಕಡೆಯಿಂದ ಗ್ಯಾಂಗೇ ಬರುತ್ತೆ, ಉಳಿದ ದಿನ ಒಬ್ಬ ನೀರು ಕಟ್ಟಿದ್ರೆ ಸಾಕು. ಮೂವರಲ್ಲಿ ಒಬ್ಬರಿಗೆ ವಯಸ್ಸಾಗಿತ್ತು, ಮನೇಲೇ ಉಳಿದ್ರು. ಇನ್ನೊಬ್ಬರು ನರೇಗಾ ಕೆಲಸ ಇದ್ದಾಗ ಹೋಗ್ತಿದ್ರು. ಮೂರನೆಯೋರು, ಚಿಕ್ಕವರು, ಮದ್ದೂರು ಕಡೆ ಗಾರ್ಮೆಂಟ್ಸ್‌ಗೆ ಸೇರ್ಕೊಂಡ್ರು, ಬೆಳಿಗ್ಗೆ ಊರ ಬಾಗಿಲಿಗೇ ವ್ಯಾನ್ ಬರುತ್ತೆ.

ಸುಂಕ 15 ಆದಾಗ ತೋಟ ವಾಪಸ್ ಬಂತಾ ಅಂದ್ರೆ, ಅದೇ ಇಲ್ಲಿ ಮುಖ್ಯ, ಬರ್ಲಿಲ್ಲ. ಕೀಳೋಕೆ ಅರ್ಧ ದಿನ ಸಾಕು, ಮತ್ತೆ ಹಾಕಿದ್ರೆ ಮೊದಲ ಬೆಳೆಗೇ ಆರೆಂಟು ತಿಂಗಳು. ಹುಳದ ಮನೇಲಿ ಆಗ್ಲೇ ಹಸು ಕಟ್ಟಿದ್ರು, ಚಂದ್ರಿಕೆಗಳನ್ನ ಯಾರೋ ಕೇಳಿ ತಗೊಂಡು ಹೋಗಿದ್ರು, ಕೈ ಪಳಗಿದ ಅಕ್ಕಂದಿರು ಇರ್ಲಿಲ್ಲ. 30ರಿಂದ 5ಕ್ಕೆ ಹೋಗಿ 15ಕ್ಕೆ ವಾಪಸ್ ಬಂದ್ರೆ ಪೇಪರ್ ಮೇಲೆ ಹತ್ತಿರ ಹತ್ತಿರ ಅರ್ಧ ದಾರಿ ವಾಪಸ್ ಬಂದಂಗೆ ಕಾಣುತ್ತೆ, ಊರಲ್ಲಿ ಅದರ ಕಾಲು ಭಾಗನೂ ಬರ್ಲಿಲ್ಲ.

2021ರಲ್ಲಿ 10ರಿಂದ 15 ಆದ್ಮೇಲೆ ಗೂಡಿನ ರೇಟ್ ಹುಚ್ಚು ಏರ್ತು, 2022ರ ಶುರುವಿನಲ್ಲಿ ಬೈವೋಲ್ಟಿನ್ ಗೂಡು ಕೆಜಿಗೆ ಸಾವಿರದ ಆಸುಪಾಸು ಹೋಯ್ತು. ಸುಂಕ ಏರಿಸಿದ್ದಕ್ಕೇ ಹಿಂಗಾಯ್ತು ಅಂತ ಕೆಲವರು ಹೇಳ್ಕೊಂಡು ಓಡಾಡಿದ್ರು. ಲೆಕ್ಕ ಹಾಕಿ. ಚೈನಾ ನೂಲು 4,000 ಅಂತ ಹಿಡಿದ್ರೆ 5 ಪರ್ಸೆಂಟ್ ಅಂದ್ರೆ 200, ಅದರ ಮೇಲಿನ ಸರ್ಚಾರ್ಜ್ ಸೇರಿ 220. ಗೂಡಿಗೆ ಇಳಿಸಿದ್ರೆ ಕೆಜಿಗೆ ಮೂವತ್ತು ಮೂವತ್ತೈದು ರೂಪಾಯಿ. ರೇಟ್ ಏರಿದ್ದು ನೂರಾರು ರೂಪಾಯಿ. ಕೋವಿಡ್ ಟೈಮಲ್ಲಿ ಗೂಡು ಕೇಳೋರಿಲ್ಲದೆ ಎಷ್ಟೋ ಜನ ಸಾಕೋದೇ ನಿಲ್ಲಿಸಿದ್ರು, ಹಡಗಿನ ಬಾಡಿಗೆ ಏರಿ ಚೈನಾ ಮಾಲು ಕಮ್ಮಿ ಬಂತು, 2021ರ ಕೊನೇಲಿ ಮಳೆ ಹಿಡ್ಕೊಂಡು ಬೆಳೆ ಹಾಳಾಯ್ತು, ಅದೇ ಹೊತ್ತಿಗೆ ನಿಂತಿದ್ದ ಮದುವೆಗಳೆಲ್ಲಾ ಒಟ್ಟಿಗೆ ಶುರುವಾದ್ವು. ಸುಂಕದ ಪಾಲು ಅದ್ರಲ್ಲಿ ಸಣ್ಣದು. ಬಿದ್ದಾಗ ಸುಂಕಾನ ಬೈಯೋದು, ಏರಿದಾಗ ಸುಂಕಾನ ಹೊಗಳೋದು, ಎರಡೂ ಅಳತೆ ಮೀರಿದ ಮಾತೇ.

ಸುಂಕ ಹಾಕಿದ ಮಾತ್ರಕ್ಕೆ ಅದು ಪೂರ್ತಿ ಕೆಲಸ ಮಾಡುತ್ತೆ ಅಂತಲೂ ಇಲ್ಲ. ಚೈನಾ ನೂಲಿನ ಮೇಲೆ 2003ರಿಂದ ತೀರಾ ಕಮ್ಮಿ ರೇಟಿಗೆ ತಂದು ಸುರಿಯೋದನ್ನ ತಡೆಯೋಕೆ ಆ್ಯಂಟಿ ಡಂಪಿಂಗ್ ಸುಂಕ ಅಂತ ಬೇರೆಯೇ ಒಂದು ಹಾಕಿದ್ರು, ಅದು ಶುರುವಲ್ಲಿ 2ಎ ಅನ್ನೋ ಗುಣಮಟ್ಟದ ಗ್ರೇಡ್ ಮತ್ತು ಅದಕ್ಕಿಂತ ಕೆಳಗಿನದಕ್ಕೆ ಮಾತ್ರ ಇತ್ತು. ಗ್ರೇಡ್ ಅನ್ನೋದು ಬಿಲ್ಲಲ್ಲಿ ಬರೆಯೋ ಅಕ್ಷರ. ಮೇಲಿನ ಗ್ರೇಡ್ ಅಂತ ಬರೆದ್ರೆ ಆ ಸುಂಕ ಇರ್ತಿರ್ಲಿಲ್ಲ. ಲೆಕ್ಕದ ಪುಸ್ತಕ ನೋಡೋ ಕೆಲಸದಲ್ಲಿರೋ ನಂಗೆ ಇಂಥ ಗೆರೆ ಎಳೆದ ಕಡೆ ಜನ ಎಲ್ಲಿ ನಿಂತ್ಕೋತಾರೆ ಅಂತ ಹೇಳ್ಕೊಡ್ಬೇಕಾಗಿಲ್ಲ.

ಅಮೆರಿಕದಲ್ಲಿ 2018ರಲ್ಲಿ ಹೊರಗಿಂದ ಬರೋ ವಾಷಿಂಗ್ ಮಷೀನ್ ಮೇಲೆ ಸುಂಕ ಹಾಕಿದ್ದರ ಬಗ್ಗೆ ಮೂವರು ಎಕನಾಮಿಸ್ಟ್‌ಗಳು ಲೆಕ್ಕ ಹಾಕಿದಾರೆ. ಒಂದು ಮಷೀನಿಗೆ ಸುಮಾರು 86 ಡಾಲರ್ ಏರ್ತು, ಸುಂಕನೇ ಇಲ್ಲದ ಡ್ರೈಯರ್‌ಗೂ 92 ಡಾಲರ್ ಏರ್ತು ಯಾಕಂದ್ರೆ ಜನ ಎರಡನ್ನೂ ಜೋಡಿಯಾಗಿ ತಗೊಳ್ತಾರೆ, ಹೊಸದಾಗಿ ಹುಟ್ಟಿದ್ದು 1,800 ಕೆಲಸ, ಒಂದೊಂದು ಕೆಲಸಕ್ಕೆ ಗ್ರಾಹಕರ ಜೇಬಿಂದ ಹೋಗಿದ್ದು ಸುಮಾರು 8 ಲಕ್ಷ 15 ಸಾವಿರ ಡಾಲರ್. ಈ ಲೆಕ್ಕ ಓದಿ ಸುಂಕ ಅಂದ್ರೇನೇ ದಂಡ ಅನ್ನೋರಿದಾರೆ. ಅದು ಅಲ್ಲಿಗೆ ಸರಿ, ಅಲ್ಲಿ ಸುಂಕ ಬಿದ್ದಿದ್ದು ತಯಾರಾದ ಮಾಲಿನ ಮೇಲೆ, ಕಾರ್ಖಾನೇಲಿ ಜನಕ್ಕಿಂತ ಯಂತ್ರ ಜಾಸ್ತಿ. ರೇಷ್ಮೇಲಿ ಒಂದೆಕರೆಗೇ ಮೂವರು ಹೆಂಗಸರ ಕೂಲಿ ನಿಂತಿದೆ, ಕೊನೇಲಿ ಸೀರೆ ಕೊಳ್ಳೋನು 250 ರೂಪಾಯಿಗೆ ಲೆಕ್ಕ ಇಡೋನಲ್ಲ. ಹಂಗಾಗಿ ಇಲ್ಲಿ ಸುಂಕ ಸ್ವಲ್ಪ ಇರೋದು ನಂಗೆ ತಪ್ಪು ಅನ್ಸಲ್ಲ. ತೊಂದರೆ ಏನಂದ್ರೆ ಮಧ್ಯದಲ್ಲಿ ನೇಕಾರ ಇದಾನೆ, ಅವನಿಗೆ ಅದು ಕಚ್ಚಾ ಮಾಲಿನ ಮೇಲಿನ ತೆರಿಗೆ. ಅವನಿಗೆ ಬೇಕಾದ ಗ್ರೇಡ್ ನಮ್ಮಲ್ಲಿ ಬೇಕಾದಷ್ಟು ಸಿಗೋವರೆಗೂ ಮೇಲಿನ ಗ್ರೇಡಿಗೆ ಕಮ್ಮಿ, ನಮ್ಮಲ್ಲೇ ಧಾರಾಳ ಸಿಗೋದಕ್ಕೆ ಜಾಸ್ತಿ ಅಂತ ಮಾಡ್ಬೋದು, ಬಿಲ್ಲಲ್ಲಿ ಗ್ರೇಡ್ ತಿದ್ದೋರನ್ನ ಹಿಡಿಯೋಕೆ ಬಂದರಲ್ಲೇ ನೂಲು ಟೆಸ್ಟ್ ಮಾಡ್ಬೇಕು.

ಇದೇ ಓಲಾಟ ಹತ್ತೀಲೂ ಆಗಿದೆ, ಎಚ್.ಡಿ. ಕೋಟೆ ಕಡೆಯೋರಿಗೆ ಗೊತ್ತಿರುತ್ತೆ. 2021ರ ಅದೇ ಬಜೆಟ್ಟಲ್ಲಿ ಹತ್ತಿಗೆ ಸೊನ್ನೆಯಿಂದ 10 ಪರ್ಸೆಂಟ್ ಹಾಕಿದ್ರು, 2022ರಲ್ಲಿ ಕೆಲವು ತಿಂಗಳು ತೆಗೆದ್ರು, 2025ರ ಆಗಸ್ಟ್ 19ರಿಂದ ಮತ್ತೆ ತೆಗೆದು, ಮೊದಲು ಸೆಪ್ಟೆಂಬರ್ ಕೊನೆ ಅಂದಿದ್ದನ್ನ ಡಿಸೆಂಬರ್ ಕೊನೇವರೆಗೂ ಎಳೆದ್ರು. ರೈತ ಹತ್ತಿ ಬಿಡಿಸೋ ಹೊತ್ತಿಗೆ ಸರಿಯಾಗಿ. ಕಾರಣ ಗಾರ್ಮೆಂಟ್ಸ್‌ನೋರನ್ನ ಉಳಿಸೋಕೆ, ಯಾಕಂದ್ರೆ ಅಮೆರಿಕ ಅದೇ ಆಗಸ್ಟ್ 7ರಿಂದ ನಮ್ಮ ಮಾಲಿಗೆ 25 ಪರ್ಸೆಂಟ್, 27ರಿಂದ ಇನ್ನೂ 25 ಸೇರಿಸಿ 50 ಪರ್ಸೆಂಟ್ ಸುಂಕ ಹಾಕಿತ್ತು.

ಅಲ್ಲಿಗೆ ಬಂತು ನೋಡಿ ನಮ್ಮ ಮೂರನೇ ಅಕ್ಕನ ಸರದಿ. ಆ ವರ್ಷದ ದೀಪಾವಳಿಗೆ ಊರಿಗೆ ಹೋದಾಗ ಸಿಕ್ಕಿದ್ರು. ಓವರ್‌ಟೈಮ್ ನಿಂತೋಗಿದೆ, ಅಮೆರಿಕದ ಆರ್ಡರ್ ಹೊಲೀತಿದ್ದ ಲೈನ್ ಒಂದನ್ನ ಮುಚ್ಚಿ ಅಲ್ಲಿದ್ದೋರನ್ನ ಬೇರೆ ಲೈನಿಗೆ ಹಾಕಿದಾರೆ, ಹೊಸಬರನ್ನ ತಗೋತಿಲ್ಲ ಅಂದ್ರು. "ಓಟಿ ದುಡ್ಡಲ್ಲಿ ಚೀಟಿ ಕಟ್ತಿದ್ದೆ ಕಣಪ್ಪ, ಈಗ ಸಂಬ್ಳುದಲ್ಲೇ ಕಟ್ಟಬೇಕು." ದಿಲ್ಲಿ ಒಂದು ಸುಂಕ ಇಳಿಸಿದ್ದಕ್ಕೆ ಸೊಪ್ಪಿನ ತೋಟ ಬಿಟ್ಟು ಹೊಲಿಗೆ ಮಷೀನಿಗೆ ಹೋದೋರು, ವಾಷಿಂಗ್ಟನ್ ಒಂದು ಸುಂಕ ಏರಿಸಿದ್ದಕ್ಕೆ ಅಲ್ಲೂ ಬಿಸಿ ಮುಟ್ಟಿಸ್ಕೊಂಡ್ರು. ಎರಡು ಸಲವೂ ಅವರನ್ನ ಯಾರೂ ಕೆಲಸದಿಂದ ತೆಗೀಲಿಲ್ಲ ಅನ್ನೋದನ್ನ ಗಮನಿಸಿ, ಕೆಲಸ ಉಳೀತೋ ಹೋಯ್ತೋ ಅಂತ ತಲೆ ಎಣಿಸೋ ಲೆಕ್ಕದಲ್ಲಿ ಅವರು ಎರಡು ಸಲವೂ ಕಾಣಿಸಲ್ಲ. ಅಮೆರಿಕದಲ್ಲಿ ಆ ಬಟ್ಟೆ ಎಷ್ಟು ತುಟ್ಟಿ ಆಯ್ತೋ ನಂಗೆ ನೋಡೋಕಾಗಲ್ಲ, ಆದ್ರೆ ಸುಂಕ ಬಿದ್ದ ತಕ್ಷಣ ಬೈಯರ್ ಡಿಸ್ಕೌಂಟ್ ಕೇಳ್ತಾನೆ, ಫ್ಯಾಕ್ಟರಿಯೋನು ಅದನ್ನ ಓವರ್‌ಟೈಮಲ್ಲಿ ಕಡಿತಾನೆ ಅನ್ನೋದಂತೂ ಮಳವಳ್ಳಿಯಲ್ಲೇ ಕೂತು ನೋಡ್ಬೋದು.

ಚಿಕ್ಕಪ್ಪನ ಮಗ ಈಗ ಮತ್ತೆ ಸೊಪ್ಪು ಹಾಕ್ಬೇಕು ಅಂತಿದಾನೆ, ಕಬ್ಬು ಸಾಕಾಗಿದೆ ಅವನಿಗೆ. ಈ ಸಲ ಬೈವೋಲ್ಟಿನ್, ಸೊಪ್ಪನ್ನ ರೆಂಬೆ ಸಮೇತ ಹಾಕೋ ರೆಂಬೆ ಪದ್ಧತಿ, ಅದ್ರಲ್ಲಿ ಸೊಪ್ಪು ಬಿಡಿಸೋ ಕೂಲಿ ಕಮ್ಮಿ, ಚಾಕಿ ಹುಳನ (ಎಳೇ ಹುಳ) ಚಾಕಿ ಸೆಂಟರಿಂದಲೇ ತರೋದು. "ಅಣ್ಣ, ಒಂದೆಕರೆ ಹಾಕ್ಲಾ?" ಅಂತ ಫೋನ್ ಮಾಡಿದ್ದ. ಚಿಕ್ಕಪ್ಪ ಹಿಂದಿಂದ "ಸುಂಕ್ದೋರ ನಂಬ್ಕಂಡು ಹಾಕ್ಬೇಡ ಕಣ್ಲಾ" ಅಂತ ಕೂಗ್ತಿದ್ದ. ನಾನು ಅವನಿಗೆ ಹೇಳಿದ್ದು, ಇವತ್ತಿನ ಗೂಡಿನ ರೇಟಿಟ್ಟು ಲಾಭ ಲೆಕ್ಕ ಹಾಕ್ಬೇಡ. ಸುಂಕ ನಾಳೆ 5ಕ್ಕೆ ಇಳೀತು ಅಂತ್ಲೇ ಇಟ್ಕೊ, 15ರಿಂದ 5 ಅಂದ್ರೆ 4,000ದ ನೂಲಲ್ಲಿ ಸರ್ಚಾರ್ಜ್ ಸೇರಿ 440 ಹೋಗುತ್ತೆ, ಬೈವೋಲ್ಟಿನ್‌ಗೆ ಆರೂವರೆ ಕೆಜಿ ಗೂಡಿನ ಲೆಕ್ಕದಲ್ಲಿ ಗೂಡಿಗೆ ಸುಮಾರು 68 ರೂಪಾಯಿ. ಇವತ್ತಿನ ರೇಟಲ್ಲಿ 68 ಕಳೆದು, ಐದು ಬೆಳೇಲಿ ಒಂದು ಬೆಳೆ ಕಾಯಿಲೆಗೆ ಹೋಯ್ತು ಅಂತ ಬಿಟ್ಟು, ಕೂಲಿ ಮತ್ತು ಬ್ಯಾಂಕ್ ಕಂತು ಕಟ್ಟೋಕಾಗುತ್ತಾ ನೋಡು. ಆಗುತ್ತೆ ಅಂದ್ರೆ ಹಾಕು, ಆಗಲ್ಲ ಅಂದ್ರೆ ಅರ್ಧ ಎಕರೆ ಹಾಕು, ಹಸು ಕಟ್ಟಿರೋ ಮನೇನ ಮಾತ್ರ ಈಗ್ಲೇ ಕೆಡವಬೇಡ. ಅವನು ಪುಸ್ತಕ ಪೆನ್ನು ತಗೊಂಡು ಕೂತಿದಾನೆ, ಸದ್ಯಕ್ಕೆ ಅರ್ಧ ಎಕರೆಗೆ ಕಡ್ಡಿ ಬುಕ್ ಮಾಡಿದಾನಂತೆ.